‘ಆಗ್ಲಿ ತಗೋರಿ’ ಅಂದರೆ ಹೌದಲ್ಲ

ಸಮೀಕ್ಷೆಯವರು ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ನನ್ನನ್ನು ‘ಅಜ್ಜಿ’ ಎಂದು ಕರೆದರು. ಹಾಗೆ ಕರೆಯಿಸಿಕೊಳ್ಳುವ ವಯಸ್ಸು ನನಗಾಗಿಲ್ಲವೆಂದು ನಾನು ವಾದಿಸುವುದಿಲ್ಲ. ಆಗಿ ಬಹಳ ಕಾಲವಾಯಿತು. ಆದರೆ ಸುರಪುರದಲ್ಲಿ ಆ ಹಕ್ಕು ಇರುವುದು ನನ್ನ ಮೊಮ್ಮಕ್ಕಳಿಗೆ ಮಾತ್ರ. ಉಳಿದವರಿಗೆಲ್ಲ, ಕಾಯಿಪಲ್ಲೆ ಮಾರುವವರಿಂದ ಹಿಡಿದು ತಹಶೀಲ ಕಚೇರಿಯ ಗುಮಾಸ್ತರವರೆಗೆ, ನಾನು ಅಕ್ಕೋರು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳನ್ನು ಬೇರೆ ಹೆಸರಿನಿಂದ ಕರೆಯುವ ರೂಢಿ ಈ ಊರಿಗಿಲ್ಲ. ಆ ಗೃಹಸ್ಥರು ಮಂಡ್ಯದ ಕಡೆಯವರು, ನಲವತ್ತರ ಆಸುಪಾಸಿನವರು, ಬೆವರೊರೆಸಿಕೊಳ್ಳುವ ಕರವಸ್ತ್ರವನ್ನು ನೀಟಾಗಿ ಮಡಿಸಿಟ್ಟುಕೊಳ್ಳುವಂಥವರು. ಆದ್ದರಿಂದ ತಿದ್ದಿದೆ, ಕ್ಷಮಿಸಿದೆ; ಮರೆಯಲಿಲ್ಲ.

ಅವರು ಬಂದ ಕಾರಣ ಹೀಗಿತ್ತು. ನಮ್ಮ ಓಣಿಯ ಹಿಂದಿನ ಗುಡ್ಡದ ಮೇಲೆ ಮೀಸಲು ಅರಣ್ಯವಿದೆ. ಅರಣ್ಯವೆಂದರೆ ಮಲೆನಾಡಿನವರು ನಗಬಹುದು. ಬಂಡೆಗಳ ನಡುವೆ ಬೇವು, ಕಾರಿ, ಬಾರಿಯ ಗಿಡಗಳು, ಬೆಳಗಾದರೆ ಕೂಗುವ ನವಿಲುಗಳು. ನಮಗೆ ಅಷ್ಟು ಸಾಕು. ಅದರ ಸೆರಗಿಗೆ ಅಂಟಿಕೊಂಡಂತೆ ಒಂದು ಖಾಸಗಿ ಮಡ್ಡಿಯಿದೆ: ನೇಗಿಲು ಇಳಿಯದ ಕಲ್ಲುನೆಲ, ಆದರೆ ತುಂಬ ಸೀತಾಫಲದ ಗಿಡ. ಹೈದರಾಬಾದಿನಲ್ಲಿ ನೆಲೆಸಿದ ಅದರ ಒಡೆಯರು ಮಾರಲು ಮನಸ್ಸು ಮಾಡಿದ್ದರು, ಜಲ್ಲಿ ಯಂತ್ರ ಹಾಕುವವರೊಬ್ಬರು ಆಗಲೇ ಬಂದು ನೋಡಿ ಹೋಗಿದ್ದರು. ಅಷ್ಟರಲ್ಲಿ ಊರಿನ ಪರಿಸರ ಬಳಗದವರಿಗೆ ಒಂದು ಯೋಚನೆ ಹೊಳೆಯಿತು. ಕೆಲವು ವರ್ಷ ಮನೆಪಟ್ಟಿಯನ್ನು, ಅಂದರೆ ಮನೆಯ ತೆರಿಗೆಯನ್ನು, ತುಸು ಏರಿಸಿ, ಆ ಹಣದಿಂದ ಊರೇ ಮಡ್ಡಿಯನ್ನು ಕೊಂಡು ಅರಣ್ಯಕ್ಕೆ ಸೇರಿಸಿದರೆ ಹೇಗೆ? ನಗರಸಭೆಯ ಸದಸ್ಯರು ತಲೆದೂಗಿದರು. ಆದರೆ ಚುನಾವಣೆ ಹತ್ತಿರದಲ್ಲಿತ್ತು. ಮತದಾರರ ಮನಸ್ಸು ತಿಳಿಯದೆ ಮನೆಪಟ್ಟಿಗೆ ಕೈಹಚ್ಚುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಮನೆ ಮನೆಗೆ ಹೋಗಿ ಕೇಳಿ ಬರಲೆಂದು ಬಳಗದವರು ಈ ಮಂಡ್ಯದವರನ್ನು ಕರೆಸಿದ್ದರು.

ನಮ್ಮ ವಾರ್ಡಿನ ಸದಸ್ಯೆ ನನ್ನ ಹಳೆಯ ವಿದ್ಯಾರ್ಥಿನಿ. ಅವಳೇ ಬಂದು ಕೇಳಿಕೊಂಡಳು.

“ಅಕ್ಕೋರ, ಇವರ ಜೋಡಿ ಜರಾ ನೀವೂ ಹೋಗ್ರಿ. ನಿಮ್ಮನ್ನ ನೋಡಿದ್ರ ಮಂದಿ ಬಾಗಿಲಾ ತಗೀತಾರ.”

“ಗೃಹಿಣಿ ಬಂದ್ರ ಯಾರು ಬಾಗಿಲಾ ತಗೀತಾರವ್ವ?” ಎಂದೆ.

ಅವಳು ನಾಲಗೆ ಕಚ್ಚಿಕೊಂಡಳು. ಹಿಂದೊಮ್ಮೆ ಗಿಡ ನೆಡುವ ಸಮಾರಂಭದ ಕರೆಯೋಲೆಯಲ್ಲಿ ಎಲ್ಲರ ಹೆಸರಿನ ಮುಂದೆ ಅವರವರ ಪದವಿ ಅಚ್ಚಾಗಿತ್ತು; ನನ್ನ ಹೆಸರಿನ ಮುಂದೆ ‘ಗೃಹಿಣಿ’ ಎಂದಿತ್ತು. ಗೃಹಿಣಿಯಾಗಿರುವುದು ಅಗೌರವವಲ್ಲ. ಆದರೆ ಬೀಜಗೊಬ್ಬರದ ಅಂಗಡಿಯವರನ್ನು ‘ಕೃಷಿ ಚಿಂತಕರು’ ಎಂದು ಅಚ್ಚು ಹಾಕಿಸಿದ ಕೈಗೆ, ನಾನು ಅಕ್ಷರ ಕಲಿಸಿದ ವರ್ಷಗಳು ಕಾಣದೇ ಹೋದದ್ದು ಅಗೌರವ.

“ಇನ್ನಾ ನೆನಪದ ಏನ್ರಿ ನಿಮಗ! ಅದು ಪ್ರೆಸ್ಸಿನವರ ತಪ್ಪರಿ, ಅಕ್ಕೋರ.”

“ಪ್ರೆಸ್ಸಿಗಿ ಬರದು ಕೊಟ್ಟವರು ಯಾರು?”

ಬರೆದುಕೊಟ್ಟವಳು ಅವಳೇ. ಆದ್ದರಿಂದ ನಾನು ಹೋಗಲಿಲ್ಲ. ಗೃಹಸ್ಥರು ಒಬ್ಬರೇ ಓಣಿ ಓಣಿ ತಿರುಗಿದರು. ಕೊನೆಯ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ನನ್ನ ಮನೆಯ ಚಹಾ ಕುಡಿಯುತ್ತ, ಮುಖವರಳಿಸಿ ಹೇಳಿದರು:

“ಮೇಡಂ, ನಿಮ್ಮೂರಿನ ಜನ ದೇವರಂಥವರು. ತೆರಿಗೆ ಜಾಸ್ತಿ ಮಾಡ್ತೀವಿ ಅಂದ್ರೂ ಮುಕ್ಕಾಲು ಪಾಲು ಮಂದಿ ಒಪ್ಪಿಬಿಟ್ಟಿದ್ದಾರೆ.”

ಈ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮವರನ್ನು ದೇವರೆಂದು ಕರೆದವರನ್ನು ಅದುವರೆಗೆ ಕಂಡಿರಲಿಲ್ಲ. ಚಹಾದ ಬಟ್ಟಲನ್ನು ಕೆಳಗಿಟ್ಟೆ.

“ಒಪ್ಪಿದವರು ಏನಂತ ಅಂದರು? ಅವರ ಬಾಯಿಂದ ಬಂದ ಮಾತನ್ನೇ ಹೇಳಿ.”

“ಹೆಚ್ಚು ಕಮ್ಮಿ ಎಲ್ಲರೂ ಒಂದೇ ಮಾತು ಮೇಡಂ. ‘ಆಗ್ಲಿ ತಗೋರಿ.’ ಕೂತ್ಕೊಳ್ಳಿ ಅಂದ್ರು, ನೀರು ಕೊಟ್ರು, ‘ಆಗ್ಲಿ ತಗೋರಿ’ ಅಂದ್ರು. ನಾನು ಫೋನಿನಲ್ಲಿ ‘ಹೌದು’ ಒತ್ತಿಕೊಂಡೆ.”

ನಾನು ಎಷ್ಟು ಹೊತ್ತು ನಕ್ಕೆನೆಂದರೆ, ಒಳಗಿನಿಂದ ನಮ್ಮ ಯಜಮಾನರು ಏನಾಯಿತೆಂದು ಹೊರಗೆ ಇಣುಕಿದರು.

ದಕ್ಷಿಣದವರ ಕಿವಿಗೆ ನಮ್ಮ ಮಾತು ಒರಟು. ಆ ಒರಟಿನ ನಡುವೆ ನಾವು ಒಂದೇ ಒಂದು ನಯದ ಮಾತನ್ನು ಸಾಕಿಕೊಂಡಿದ್ದೇವೆ, ಅದೇ ಇದು. ಬರಿಯ ‘ಆಗ್ಲಿ’ ಎಂದರೆ ನಂಬಬಹುದು. ಅದರ ಬೆನ್ನಿಗೆ ‘ತಗೋರಿ’ ಬಂದಿತೆಂದರೆ ಮುಗಿಯಿತು. ಅಕ್ಷರಶಃ ಅದು ‘ತೆಗೆದುಕೊಳ್ಳಿ’. ಆದರೆ ಅಲ್ಲಿ ತೆಗೆದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ನಿಮ್ಮ ಮಾತು ಕೇಳಿದೆ, ನಿಮ್ಮ ಮನಸ್ಸು ನೋಯಿಸಲಾರೆ, ಇನ್ನು ಹೊರಡಿ ಎಂದು ಅದರ ತಾತ್ಪರ್ಯ. ಬೀಗರು ಬೇಡದ ಸಂಬಂಧ ತಂದಾಗ, ಮಂದಿ ಚಂದಾ ಕೇಳಲು ಬಂದಾಗ, ನಾವು ಆಡುವ ಮಾತು ಅದು.

ಗೃಹಸ್ಥರು ನಂಬಲಿಲ್ಲ. ಅವರ ಕೈ ಹಿಡಿದು ಎಳೆಯುವುದೊಂದು ಬಾಕಿ, ಎದುರಿನ ಕಿರಾಣಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವರು ವಿಭೂತಿ ಹಚ್ಚಿಕೊಂಡು ತಕ್ಕಡಿಯ ಮುಂದೆ ಕುಳಿತಿದ್ದರು. ಅವರ ಎಣ್ಣೆಯ ಡಬ್ಬಿಗಳು ಎಂದಿನಂತೆ ರಸ್ತೆಯ ಕಾಲುಭಾಗವನ್ನು ಆಕ್ರಮಿಸಿದ್ದವು.

“ಯಜಮಾನ್ರ, ಇವರು ಕೇಳಿದ್ದಕ್ಕ ಏನಂದ್ರಿ?”

“ಆಗ್ಲಿ ತಗೋರಿ ಅಂದೀನ್ರಿ, ಅಕ್ಕೋರ.”

“ಛಲೋ ಆತು. ಈ ಡಬ್ಬಿಗೋಳು ರಸ್ತಾಕ್ಕ ಬಂದಾವ. ಒಳಗ ಇಟಗೋರಿ.”

“ಆಗ್ಲಿ ತಗೋರಿ, ಅಕ್ಕೋರ,” ಎಂದು ಅವರು ಕೈಮುಗಿದರು.

ನಾನು ಮಂಡ್ಯದವರ ಕಡೆ ತಿರುಗಿದೆ. “ನಾನು ಕೆಲಸದಲ್ಲಿದ್ದ ಕಾಲದಿಂದ ಈ ಮಾತು ಹೇಳುತ್ತ ಬಂದಿದ್ದೇನೆ. ಅವರೂ ಇದೇ ಉತ್ತರ ಕೊಡುತ್ತ ಬಂದಿದ್ದಾರೆ. ಡಬ್ಬಿಗಳನ್ನು ನೀವೇ ನೋಡಿ.”

ಅವರು ಡಬ್ಬಿಗಳನ್ನು ನೋಡಿದರು. ಆಮೇಲೆ ತಮ್ಮ ಫೋನನ್ನು ನೋಡಿಕೊಂಡರು. ಮುಖ ಸಣ್ಣದಾಯಿತು.

“ಹಾಗಾದ್ರೆ ನಿಜವಾಗಿ ಒಪ್ಪಿದವರು ಯಾರು ಮೇಡಂ?”

“ನಿಮ್ಮ ಜೊತೆ ಜಗಳ ತೆಗೆದವರು ಯಾರು?”

ಹಲವರು ತೆಗೆದಿದ್ದರಂತೆ. ಎಷ್ಟು ಏರಿಸುತ್ತೀರಿ, ಎಷ್ಟು ವರ್ಷ, ಲೆಕ್ಕ ಯಾರು ತೋರಿಸುತ್ತಾರೆ ಎಂದು ಮೈಮೇಲೆ ಬಂದಿದ್ದರಂತೆ. ಅವರೆಲ್ಲರ ಹೆಸರಿನ ಎದುರು ಇವರು ‘ಇಲ್ಲ’ ಒತ್ತಿದ್ದರು. ಕೆಂಭಾವಿಯ ಸಂತೆಯಲ್ಲಿ ಒಂದು ದಿನ ನಿಂತಿದ್ದರೂ ಅವರಿಗೆ ತಿಳಿಯುತ್ತಿತ್ತು: ಕೊಳ್ಳುವ ಮನಸ್ಸಿಲ್ಲದವರು ಚೌಕಾಸಿ ಮಾಡುವುದಿಲ್ಲ. ಎಲ್ಲರಿಗಿಂತ ಜೋರಾಗಿ ಬೈದವರು, ಅವರೆಂದರು, ಗುಡ್ಡದ ಬುಡದ ಮನೆಯ ಸೀತಾಫಲ ಮಾರುವ ಹೆಣ್ಣುಮಗಳು.

ಆ ಹೆಂಗಸನ್ನು ನಾನು ಬಲ್ಲೆ. ಉಳಿದ ದಿನಗಳಲ್ಲಿ ಹೊಲಗೆಲಸಕ್ಕೆ ಹೋಗುವ ಆಕೆ, ದಸರೆಯ ನಂತರ ಮಡ್ಡಿಯ ಹಣ್ಣು ಹರಿದು ತಂದು ಬಸ್ ನಿಲ್ದಾಣದ ಮುಂದೆ ಬುಟ್ಟಿಯಿಟ್ಟು ಕೂರುತ್ತಾಳೆ. ಹಿಂದೊಂದು ಕಾಲದಲ್ಲಿ, ಶಹಾಪುರದಿಂದ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರ ಎದುರಿನಲ್ಲಿ, ಮೇಲೆ ಚಂದದ ಹಣ್ಣಿಟ್ಟು ತಳಕ್ಕೆ ಕೊಳೆತವನ್ನು ತುಂಬಿ ನನಗೆ ಕೊಟ್ಟಿದ್ದಳು. ಕೇಳಿದ್ದಕ್ಕೆ “ಹಣ್ಣಿನ ಹೊಟ್ಟ್ಯಾಗ ನಾ ಏನ್ ಇಳದು ನೋಡೀನೇನ್ರಿ?” ಎಂದಿದ್ದಳು. ಅಂದಿನಿಂದ ನಾನು ಎಷ್ಟೇ ಬಿಸಿಲಿದ್ದರೂ ರಸ್ತೆ ದಾಟಿ ಎದುರಿನವಳ ಹತ್ತಿರ ಕೊಳ್ಳುತ್ತೇನೆ. ಆದರೆ ಲೆಕ್ಕ ತಪ್ಪಿದ್ದನ್ನು ನೋಡಿ ಸುಮ್ಮನಿರುವ ಅಭ್ಯಾಸ ನನಗಿಲ್ಲ. ಗೃಹಸ್ಥರನ್ನು ಕರೆದುಕೊಂಡು ಗುಡ್ಡದ ಬುಡಕ್ಕೆ ಹೋದೆ.

“ಏನ್ರಿ ಅಕ್ಕೋರ, ದಾರಿ ತಪ್ಪಿ ಬಂದೀರೇನು? ನೀವು ಆ ಕಡಿ ರಸ್ತಾದವರು,” ಎಂದಳು ಬಾಗಿಲಲ್ಲೇ ನಿಂತು. ಆಕೆಯೂ ಮರೆತಿರಲಿಲ್ಲ.

“ಕೊಳತ ಹಣ್ಣಿನ ಕಡಿ ನಾ ಬರೂದಿಲ್ಲವ್ವ. ಇವತ್ತ ಮಾತಿಗಿ ಬಂದೀನಿ. ಮಡ್ಡಿ ಕೊಳ್ಳಾಕ ಮನಿಪಟ್ಟಿ ಕೊಡ್ತಿಯೋ ಇಲ್ಲೋ?”

“ಕೊಟ್ರ ಏನ್ ಮಾಡ್ತೀರಿ? ಮೀಸಲ ಅಂತ ಬೋರ್ಡ್ ಹಾಕ್ತೀರಿ, ತಂತಿ ಬೇಲಿ ಎಳೀತೀರಿ. ಇವತ್ತ ನಾ ಹಣ್ಣ ಹರ್‍ಯಾಕ ಹೋದ್ರ ಯಾರೂ ಕೇಳಂಗಿಲ್ಲ. ನಾಳಿ ಜಂಗಲ್ ಖಾತಿಯವರು ಕಳ್ಳಿ ಅಂತ ಹಿಡೀತಾರ. ನನ್ನ ರೊಕ್ಕಾ ಕೊಟ್ಟು ನಾನೇ ಕಳ್ಳಿ ಆಗ್ಲೇನ್ರಿ?”

“ಕೊಡದಿದ್ರ ಜಲ್ಲಿ ಮಿಷನ್ ಬರ್ತದ.”

“ಬಂದ್ರ ಗಿಡಾನೂ ಇಲ್ಲ, ಹಣ್ಣೂ ಇಲ್ಲ. ಅಷ್ಟೂ ತಿಳೀದಷ್ಟು ದಡ್ಡಿ ಏನ್ರಿ ನಾ?” ಎಂದಳು. ಆಮೇಲೆ ದನಿ ಇಳಿಸಿದಳು. “ನಮ್ಮವ್ವ ಅಲ್ಲೇ ಹರೀತಿದ್ಲರಿ. ಹಣ್ಣ ಹರ್‍ಯಾಕ ಬಿಡ್ತೀವಿ ಅಂತ ಎಲ್ಲಾರ ಮುಂದ ಅನ್ರಿ, ಕೊಡ್ತೀನಿ. ಸುಮ್ಮಸುಮ್ಮನ ಹೌದನ್ನಾಕ ನಾ ಏನ್ ಕಿರಾಣಿ ಅಂಗಡಿಯವನೇನ್ರಿ?”

ಗೃಹಸ್ಥರು ತಲೆ ತಗ್ಗಿಸಿ ಏನೋ ಒತ್ತಿಕೊಂಡರು. ಈ ಸಲ ಸರಿಯಾಗಿ ಒತ್ತಿಕೊಂಡಿದ್ದಾರೆಯೇ ಎಂದು ನಾನು ಬಗ್ಗಿ ನೋಡಿದೆ.

ಸದಸ್ಯೆಗೆ ಈ ಸುದ್ದಿ ರುಚಿಸಲಿಲ್ಲ. ಸಮೀಕ್ಷೆಯ ವರದಿ ಅಚ್ಚಾಗಲು ಯಾದಗಿರಿಗೆ ಹೋಗುವುದರಲ್ಲಿತ್ತು.

“ಮಂದಿ ಹೌದಂದಾರಂತಲ್ರಿ ಅಕ್ಕೋರ, ನೀವ್ಯಾಕ ಕೆದರಾಕತ್ತೀರಿ?”

“ಇದ ಮಂದಿ ಮನಿಪಟ್ಟಿ ಕೈಯಾಗ ಹಿಡಕೊಂಡು ನಿನ್ನ ಬಾಗಿಲಿಗಿ ಬಂದ್ರ? ಆವಾಗ ‘ಆಗ್ಲಿ ತಗೋರಿ’ ಅನ್ನಂಗಿಲ್ಲ ಅವರು.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಶಾಲೆಯಲ್ಲಿಯೂ ಅವಳು ತಡವಾಗಿ, ಆದರೆ ಸರಿಯಾಗಿ ಉತ್ತರಿಸುವ ಹುಡುಗಿ. ಮುಂದಿನ ರವಿವಾರ ಶಾಲೆಯ ಅಂಗಳದಲ್ಲಿ ವಾರ್ಡಿನ ಸಭೆ ಕರೆದಳು.

ಸಭೆ ನಮ್ಮೂರಿನ ಮರ್ಯಾದೆಗೆ ತಕ್ಕಂತೆ ನಡೆಯಿತು. ಎಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲಿಲ್ಲ. ಅರಣ್ಯದ ಅಧಿಕಾರಿಯೊಬ್ಬರು ಬಂದಿದ್ದರು. ಹಣ್ಣಿನವಳು ಎದ್ದು ನಿಂತು, ಹರಿಯಲು ಬಿಡುತ್ತೀರೋ ಇಲ್ಲವೋ ಎಂದು ನೇರವಾಗಿ ಕೇಳಿದಳು. ಅವರು ಮೆಲ್ಲಗೆ, “ಮೀಸಲು ಅಂದಮೇಲೆ ಮುಟ್ಟೋ ಹಾಗಿಲ್ಲಮ್ಮ,” ಎಂದರು. ಆಕೆಯ ಮುಖ ಕಪ್ಪಿಟ್ಟಿತು. ಚೀಲವೆತ್ತಿಕೊಂಡು ಹೊರಡುವುದರಲ್ಲಿದ್ದಳು.

ಆಗ ಕಿರಾಣಿ ಅಂಗಡಿಯವರು ಹಿಂದಿನಿಂದ ಕೂಗಿದರು. “ಸಾಹೇಬ್ರ, ಮೀಸಲ ಅಂದ್ರ ನಮ್ಮ ಮನ್ಯಾಗ ಬ್ಯಾರೆನೇ ಅದರಿ! ದೇವರಿಗಿ ಮೀಸಲ ತಗದಿಟ್ಟಿದ್ದು ಎಡಿ ಹಿಡಿಯೂತನಕ ಮುಟ್ಟಂಗಿಲ್ಲ, ಖರೆ. ಎಡಿ ಆದಮ್ಯಾಲ ಹಂಚಲೇಬೇಕು. ಹಂಚದ ದೇವರು ಯಾವೂರಾಗ ಅದಾನ್ರಿ?”

ಅಂಗಳವೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು. ನಕ್ಕಮೇಲೆ ಅವರಿಗೆ ಹಿಂದೆ ಸರಿಯುವುದು ಕಷ್ಟವಾಯಿತು. ಗಿಡ ಕಡಿಯದೆ, ಟೊಂಗೆ ಮುರಿಯದೆ, ಗುಡ್ಡದ ಬುಡದ ಮನೆಯವರು ಸೀತಾಫಲದ ಕಾಲದಲ್ಲಿ ಹಣ್ಣು ಹರಿಯಲು ಅನುಮತಿ ಕೇಳಿ ಮೇಲಿನವರಿಗೆ ಬರೆಯುತ್ತೇನೆಂದರು. ಅನುಮತಿ ಬಂದಮೇಲೆಯೇ ಮನೆಪಟ್ಟಿ ಏರಬೇಕೆಂದು ಸಭೆಯ ನಿರ್ಣಯದಲ್ಲಿ ನಾನೇ ಬರೆಯಿಸಿದೆ. ವಾಕ್ಯದಲ್ಲಿ ‘ಸಾಧ್ಯವಾದರೆ’ ಎಂಬ ಪದವನ್ನು ಯಾರೋ ತುರುಕಿದ್ದರು, ಹೊಡೆದು ಹಾಕಿಸಿದೆ.

ಆಮೇಲೆ ನಾನು ಎದ್ದು ನಿಂತೆ. “ಇವತ್ತ ಈ ಅಂಗಳದಾಗ ಯಾರೂ ‘ಆಗ್ಲಿ ತಗೋರಿ’ ಅನ್ನಂಗಿಲ್ಲ. ಕೊಡ್ತೀನಿ ಅನ್ರಿ, ಇಲ್ಲಾ ಕೊಡೂದಿಲ್ಲ ಅನ್ರಿ. ಮೂರನೇ ಮಾತು ಕೇಳಿಸಿದ್ರ ಬೆಂಚಿನ ಮ್ಯಾಲ ನಿಂದರಸ್ತೀನಿ.”

ಅಲ್ಲಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಒಂದಾನೊಂದು ಕಾಲದಲ್ಲಿ ನನ್ನ ಬೆಂಚಿನ ಮೇಲೆ ನಿಂತವರೇ. ಯಾರೂ ನಗಲಿಲ್ಲ. ಒಬ್ಬೊಬ್ಬರೇ ಎದ್ದು ಹೇಳಿದರು. ಹಣ್ಣಿನವಳು ಎಲ್ಲರಿಗಿಂತ ಮೊದಲು “ಕೊಡ್ತೀನ್ರಿ” ಎಂದಳು. ಕಿರಾಣಿಯವರು ಎದ್ದು, ಗಂಟಲು ಸರಿಪಡಿಸಿಕೊಂಡು, “ನಾ ಕೊಡೂದಿಲ್ರಿ” ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ನೆಟ್ಟಗಿನ ಮಾತು ಅದು; ಅವರ ಮೇಲೆ ಗೌರವ ಹುಟ್ಟಿತು. ಒಪ್ಪಿದವರು ಮಂಡ್ಯದವರ ಮುಕ್ಕಾಲು ಪಾಲಿನಷ್ಟಿರಲಿಲ್ಲ, ಅರ್ಧವನ್ನು ದಾಟಿದ್ದರು. ಆದರೆ ಇವರು ಖರೆ ಒಪ್ಪಿದವರು. ಉಳಿದ ವಾರ್ಡುಗಳೂ ಇದೇ ರೀತಿ ಅಂಗಳದಲ್ಲಿ ನಿಲ್ಲಿಸಿ ಕೇಳಿದವು. ಅನುಮತಿ ಬಂದಮೇಲೆ ಮನೆಪಟ್ಟಿ ಏರಿತು, ನಗರಸಭೆ ಮಡ್ಡಿಯನ್ನು ಕೊಂಡಿತು.

ಅರಣ್ಯಕ್ಕೆ ಮಡ್ಡಿ ಸೇರಿದ ದಿನದ ಕರೆಯೋಲೆ ನನ್ನ ಹತ್ತಿರವಿದೆ. ಈ ಸಲ ಗೃಹಿಣಿಯಿಲ್ಲ. ‘ನಿವೃತ್ತ ಮುಖ್ಯೋಪಾದ್ಯಾಯಿನಿ’ ಎಂದಿದೆ. ‘ಧ್ಯಾ’ದ ಮಹಾಪ್ರಾಣ ಹಾರಿಹೋಗಿದೆ. ಪ್ರೆಸ್ಸಿನವರ ತಪ್ಪೆಂದು ಸದಸ್ಯೆ ಹೇಳಿದಳು. ನಾನು ಕೆಂಪು ಶಾಯಿಯಿಂದ ತಿದ್ದಿ ಅವಳ ಮನೆಗೆ ಒಂದು ಪ್ರತಿ ಕಳಿಸಿದೆ.

ಡಬ್ಬಿಗಳು ಈಗಲೂ ರಸ್ತೆಯಲ್ಲಿಯೇ ಇವೆ. ಅನುಮತಿ ಮಾತ್ರ ಕಾಗದದ ಮೇಲೆಯೇ ಉಳಿಯಲಿಲ್ಲ. ಬೇಲಿಯ ಕೆಳತುದಿಯಲ್ಲಿ ಬುಟ್ಟಿ ಹೊತ್ತವರು ನುಸುಳುವಷ್ಟು ಕಿಂಡಿ ಬಿಟ್ಟಿದ್ದಾರೆ. ಕಳೆದ ದಸರೆಯಾದ ಮೇಲೆ, ಬಸ್ ನಿಲ್ದಾಣದ ಮುಂದೆ ನಾನು ಎಂದಿನಂತೆ ರಸ್ತೆ ದಾಟುವುದರಲ್ಲಿದ್ದೆ.

“ಅಕ್ಕೋರ!” ಎಂದು ಈ ಕಡೆಯಿಂದ ಕೂಗು ಬಂದಿತು. “ಮಡ್ಡಿ ಹಣ್ಣರಿ. ಕಣ್ಣ ಬಿಟ್ಟಾವ, ನಾಳಿ ಮೆತ್ತಗಾಗ್ತಾವ. ತಗೋರಿ.”

ಚೀಲ ಒಡ್ಡಿದೆ. ಆಕೆ ತುಂಬಿದಳು. ಅವಳ ಕಣ್ಣೆದುರೇ ಕೈಹಾಕಿ ತಳದ ಹಣ್ಣುಗಳನ್ನೂ ಒತ್ತಿ ನೋಡಿದೆ. ಎಲ್ಲವೂ ಗಟ್ಟಿಯಾಗಿದ್ದವು.

“ಮರ್‍ತಿಲ್ಲ ನೋಡ್ರಿ ಇನ್ನಾ!” ಎಂದು ಆಕೆ ನಕ್ಕಳು.

ಮರೆಯುವ ಮಾತೇ ಇಲ್ಲ. ಆದರೆ ಈ ‘ತಗೋರಿ’ಗೆ ಅಕ್ಷರಶಃ ಇದ್ದ ಅರ್ಥವೇ ಅರ್ಥ, ನಾನು ತೆಗೆದುಕೊಂಡೆ.