ಹಸಿರು ಬಟ್ಟೆಯ ಕೆಳಗೊಂದು ಕೈ

"ನಾನು ಕೈ ಹಿಡಿದ್ರೆ ಸತ್ತ ಕಣ್ಣೂ ಎದ್ದು ಕೂತು ಕಾಫಿ ಕೇಳುತ್ತೆ, ಅಣ್ಣ. ಇಲ್ಲೀವರೆಗೆ ಒಂದೇ ಒಂದು ಕಣ್ಣೂ ಹೋಗಿಲ್ಲ."

ಕಿಟಕಿಗಿನ್ನೂ ಬೆಳಕು ಮುಟ್ಟಿಲ್ಲ. ಕಣ್ಣಾಸ್ಪತ್ರೆಯ ಆಪರೇಷನ್ ಕೋಣೆಯ ಹೊರಗೆ, ಸ್ಟ್ರೆಚರ್ ಮೇಲೆ ಮಲಗಿದ ದರ್ಜಿಯ ಮುಂದೆ ಕೈಯಕ್ಕ ಬಡಾಯಿ ಕೊಚ್ಚುತ್ತಿದ್ದಾಳೆ. ಊರಿಗೆಲ್ಲ ಹಂಚಿದರೂ ಮಿಗುವಷ್ಟು ಬಡಾಯಿ.

ಅವಳು ಇಲ್ಲಿಯ ಆಯಾ. ಆ ಅಡ್ಡಹೆಸರು ಬಂದದ್ದು ಕೈ ಹಿಡಿಯುವ ಕೆಲಸದಿಂದ. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡುವಾಗ ರೋಗಿಗೆ ಎಚ್ಚರವಿರುತ್ತದೆ. ಮುಖದ ಮೇಲೆ ಹಸಿರು ಬಟ್ಟೆ, ಅಲುಗುವಂತಿಲ್ಲ, ಮಾತಾಡುವಂತಿಲ್ಲ. ಬಟ್ಟೆಯ ಕೆಳಗೆ ಕೈಯಕ್ಕನ ಕೈ. ರೋಗಿ ಅದನ್ನು ಒಮ್ಮೆ ಒತ್ತಿದರೆ ಕೆಮ್ಮು ಬರುತ್ತಿದೆ ಎಂದರ್ಥ, ಎರಡು ಸಲ ಒತ್ತಿದರೆ ನೋವು. ಅವಳು ಹೇಳಿದೊಡನೆ ಡಾಕ್ಟರು ನಿಲ್ಲಿಸುತ್ತಾರೆ.

ಹೆದರಿದವರ ಹಿಡಿತದ ಮುಂದೆ ಇಕ್ಕಳವೂ ನಾಚಬೇಕು. ಅವಳ ಬೆರಳುಗಳೀಗ ನೆಟ್ಟಗಾಗುವುದಿಲ್ಲ. "ಮನೇಲಿ ಬಟ್ಟೆ ಹಿಂಡೋದು ನನ್ನ ಗಂಡ. ನಿಂಗೆ ಹಿಂಡಿಸ್ಕೊಳ್ಳೋದಷ್ಟೇ ಗೊತ್ತು ಅಂತಾನೆ."

ದರ್ಜಿಯ ಸ್ಥಿತಿ ಕೆಟ್ಟಿದೆ. ಪೊರೆ ತೆಗೆಸಿಕೊಂಡ ಕಣ್ಣೊಳಗೆ ಸೋಂಕು ಹೊಕ್ಕು ಕೀವು ತುಂಬಿದೆ. ಇನ್ನೊಂದು ಕಣ್ಣು ಚಿಕ್ಕಂದಿನಿಂದಲೂ ಮಂಜು. ಕಣ್ಣೊಳಗೇ ಚುಚ್ಚಿದ ಔಷಧ ನಾಟಲಿಲ್ಲ. ಈಗ ಒಳಗಿನ ಕೀವುಗಟ್ಟಿದ ಲೋಳೆಯನ್ನೇ ಕತ್ತರಿಸಿ ಹೀರಿ ತೆಗೆಯಬೇಕು. ಅದಕ್ಕೂ ಬಗ್ಗದಿದ್ದರೆ, ಸೋಂಕು ಹರಡದಂತೆ ಕಣ್ಣುಗುಡ್ಡೆಯ ಒಳಗನ್ನೆಲ್ಲ ಬರಿದು ಮಾಡಬೇಕಾಗುತ್ತದೆ.

"ಒಂದೂ ಹೋಗಿಲ್ವಾ ಅಕ್ಕ?" ದರ್ಜಿಯ ಹೆಂಡತಿ ಮೆಲ್ಲಗೆ ಕೇಳುತ್ತಾಳೆ. "ಪಕ್ಕದ ಮಂಚದ ತಾತನಿಗೂ ಹೀಗೇ ಹೇಳಿದ್ರಂತೆ. ನಿನ್ನೆ ಅವರ ಕಣ್ಣು ತೆಗೆದ್ರಲ್ಲ."

ದರ್ಜಿ ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ. "ನಾನು ಒಳಗೆ ಹೋಗಲ್ಲ. ಮನೆಗೆ ಕರ್ಕೊಂಡು ಹೋಗು," ಎಂದು ಹೆಂಡತಿಗೆ ಹೇಳುತ್ತಾನೆ.

ಒಳಗೆ ದೀಪ ಹೊತ್ತಿಕೊಳ್ಳುತ್ತದೆ. ಡಾಕ್ಟರು ಕೈ ತೊಳೆಯುವ ಸದ್ದು.

"ಸುಳ್ಳು ಹೇಳ್ದೆ," ಎನ್ನುತ್ತಾಳೆ ಕೈಯಕ್ಕ. "ತುಂಬಾ ಹೋಗಿವೆ. ತಾತನ ಕೈಯನ್ನೂ ನಾನೇ ಹಿಡ್ಕೊಂಡಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಜನ ನಡುಗ್ತಾರೆ, ಅಲುಗಿದ್ರೆ ಒಳಗಿರೋ ಕತ್ತರಿ ಎಲ್ಲಿಗೋ ತಾಗುತ್ತೆ. ಅದಕ್ಕೇ ಕೊಚ್ಕೋತೀನಿ. ನಿಮ್ದೂ ಹೋಗಬಹುದು, ಅಣ್ಣ. ಮನೆಗೆ ಹೋದ್ರೆ ಮಾತ್ರ ಹೋಗೇ ಹೋಗುತ್ತೆ."

ದರ್ಜಿ ಎರಡೂ ಕೈ ಚಾಚಿ ಕೇಳುತ್ತಾನೆ, "ಯಾವ ಕೈ ಕೊಡ್ಲಿ?"

"ಎಡಗೈ ಕೊಡಿ. ಬಟ್ಟೆ ಕತ್ತರಿಸೋ ಕೈನ ನಾನು ಮುಟ್ಟಲ್ಲ."