ಮೇಜು ಬೇಡವಾದ ಮನೆಗಳು

ಹಳೆಯ ಮೇಜು, ಕುರ್ಚಿ, ಮಂಚಗಳನ್ನು ಕೊಂಡು ಮಾರುವುದು ಅವನ ಕಸುಬು. ಯಾರ ಮನೆಗೆ ಹೋದರೂ ಮೊದಲು ಮರವನ್ನು ತಟ್ಟಿ ನೋಡುತ್ತಿದ್ದನಾದ್ದರಿಂದ ಓಣಿಯವರಿಗೆಲ್ಲ ಅವನು ತಟ್ಟಪ್ಪ. ಮದುವೆಯಾಗಲಿಲ್ಲ. ತಂದೆ ತೀರಿಹೋದ ಮೇಲೆ ತನ್ನವಳೆಂದು ಉಳಿದವಳು ತಂಗಿ ಒಬ್ಬಳೇ. ಭಾನುವಾರದ ಊಟ ಅವಳ ಮನೆಯಲ್ಲಿ.

ಅಂಥದೊಂದು ಭಾನುವಾರ ತಂಗಿಯ ಗಂಡ, ಕಣ್ಣೆದುರು ಬೇರೆಯದೇ ಲೋಕ ತೋರಿಸುವ ವಿಆರ್ ಕನ್ನಡಕ ತಂದು ತೋರಿಸಿದ. “ನೋಡ್ತಾ ಇರಿ ಭಾವ, ಇನ್ನು ಸ್ವಲ್ಪ ವರ್ಷಕ್ಕೆ ಮೊಬೈಲ್ ಥರ ಇದೂ ಮನೆಮನೆಗೆ ಬರುತ್ತೆ.”

“ಬಿಡಿ ಬಿಡಿ! ಕಣ್ಣು ಕಟ್ಕೊಂಡು ಸುತ್ತೋಕೆ ಜನ ಏನು ಗಾಣದ ಎತ್ತುಗಳಾ?”

ತಂಗಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಮಾತೇ ನಿಜವೆನ್ನುವಂತೆ, ಹಾಕಿಕೊಂಡರೆ ತಲೆ ಸುತ್ತುತ್ತದೆಂದು ಆ ಕನ್ನಡಕ ಬೀರುವಿನ ಮೇಲೆ ಧೂಳು ತಿನ್ನುತ್ತ ಬಿದ್ದುಕೊಂಡಿತು.

ಆಮೇಲೆ ಹಗುರವಾದ ಕನ್ನಡಕಗಳು ಬಂದವು, ಅಗ್ಗವೂ ಆದವು. ತಟ್ಟಪ್ಪನ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. “ಸೋಫಾ ತಗೊಂಡು ಹೋಗಿ. ಕನ್ನಡಕ ಹಾಕ್ಕೊಂಡು ಓಡಾಡೋವಾಗ ಮೊಣಕಾಲಿಗೆ ಬಡಿಯುತ್ತೆ.” ಮೊದಲು ಅವನಿಗೆ ಹಿಗ್ಗೋ ಹಿಗ್ಗು. ಬರುಬರುತ್ತ ಗೋದಾಮು ತುಂಬಿತು. ಮಾರುವವರೇ ಎಲ್ಲ, ಕೊಳ್ಳುವವರು ಯಾರೂ ಇಲ್ಲ. ಒಂದು ಮನೆಯಲ್ಲಿ ಅಪ್ಪ, ಅಮ್ಮ, ಮಗಳು ಮೂವರೂ ಒಂದೊಂದು ಗೋಡೆಗೆ ಮುಖ ಮಾಡಿ ನಿಂತು ನಗುತ್ತಿದ್ದರು. ಒಲೆಯ ಮೇಲೆ ಪಾತ್ರೆ ಸೀದು ಹೊಗೆ ಏಳುತ್ತಿತ್ತು. ಇವನೇ ಹೋಗಿ ಒಲೆ ಆರಿಸಿದ. ಯಾರೂ ತಿರುಗಿ ನೋಡಲಿಲ್ಲ.

ತಂಗಿಯ ಮನೆಗೂ ಹೊಸ ಕನ್ನಡಕಗಳು ಬಂದವು. ಊಟದ ನಡುವೆಯೂ ಗಂಡ ಹೆಂಡತಿ ಅವನ್ನು ತೆಗೆಯದಿದ್ದಾಗ ತಟ್ಟಪ್ಪ ತಟ್ಟೆ ಬಿಟ್ಟು ಎದ್ದುಬಂದ. ಕರೆಯುವವರೆಗೂ ಹೋಗುವುದಿಲ್ಲ ಎಂದು ಹಟ ಹಿಡಿದ. ತಿಂಗಳುಗಳೇ ಕಳೆದವು. ಕೊನೆಗೆ ತಂಗಿ ಫೋನ್ ಮಾಡಿದಳು.

“ಅಣ್ಣಾ, ಊಟದ ಮೇಜು ತಗೊಂಡು ಹೋಗ್ತೀಯಾ?”

ಅದು ಅಪ್ಪ ಕೈಯಾರೆ ಮಾಡಿದ ಮೇಜು. ಟೆಂಪೊ ತೆಗೆದುಕೊಂಡು ಹೋದ. ಹಾಲ್ ಬೋಳುಬೋಳಾಗಿತ್ತು. ತಂಗಿ ಸೊರಗಿದ್ದಳು, ಆದರೆ ಮುಖದಲ್ಲಿ ಬೇಸರವೇನೂ ಇರಲಿಲ್ಲ.

“ಅಪ್ಪನ ಮೇಜು ಕಣೇ ಇದು.”

“ಅಲ್ಲೂ ಇದೆ ಅಣ್ಣ, ಇದಕ್ಕಿಂತ ದೊಡ್ಡದು. ಅಪ್ಪನೂ ಕೂತಿರ್ತಾರೆ. ಹಳೇ ವಿಡಿಯೋ ಎಲ್ಲ ಹಾಕಿ ಮಾಡಿಸಿದ್ವಿ. ಒಂದ್ಸಲ ನೋಡು ಬಾ.”

ಬೇಡವೆನ್ನುವಷ್ಟರಲ್ಲಿ ಕನ್ನಡಕವನ್ನು ಅವನ ಕಣ್ಣಿಗೆ ಏರಿಸಿಯೇಬಿಟ್ಟಳು. ಉದ್ದನೆಯ ಮೇಜು. ತುದಿಯಲ್ಲಿ ಅಪ್ಪ, ತೋಳು ಮಡಚಿಕೊಂಡು. ಆಗ ಅಪ್ಪನ ಪಕ್ಕದಲ್ಲಿ ಕೂತಿದ್ದವನು ಮೇಜನ್ನು ಎರಡು ಸಲ ತಟ್ಟಿ, ತಲೆಯೆತ್ತಿ ನಕ್ಕ. ಅದು ತಟ್ಟಪ್ಪನೇ.

ಕನ್ನಡಕ ಕಿತ್ತು ತೆಗೆದ. “ಏನೇ ಇದು? ನಾನು ಬದುಕಿದ್ದೀನಿ ಕಣೇ!”

“ಕೋಪ ಮಾಡ್ಕೊಂಡು ನೀನು ಬರೋದೇ ಬಿಟ್ಟೆಯಲ್ಲ ಅಣ್ಣ,” ಎಂದಳು ಮೆಲ್ಲಗೆ. “ಅಲ್ಲಿರೋನು ಎದ್ದು ಹೋಗಲ್ಲ.”

ತಟ್ಟಪ್ಪ ಮೇಜನ್ನು ಟೆಂಪೊಗೆ ಹೇರಿಕೊಂಡು ಬಂದ. ಗೋದಾಮಿಗೆ ಇಳಿಸದೆ ತನ್ನ ಕೋಣೆಯಲ್ಲೇ ಇರಿಸಿಕೊಂಡ.

ಹಟ ಸಾಕು ಎನ್ನಿಸಿ, ಮುಂದಿನ ಭಾನುವಾರ ಮಧ್ಯಾಹ್ನ ತಾನೇ ಫೋನ್ ಮಾಡಿದ. ಬಹಳ ಹೊತ್ತಿನ ಮೇಲೆ ತಂಗಿಯ ಗಂಡ ಎತ್ತಿದ. ಯಾರೆಂದೂ ಕೇಳಲಿಲ್ಲ.

“ಆಮೇಲೆ ಮಾಡಿ,” ಎಂದ. “ಭಾವ ಊಟಕ್ಕೆ ಬಂದಿದ್ದಾರೆ.”