ಹೆದೆ ಸವೆದ ಜಾಗ

ಕುಲಗೋಡದ ನಮ್ಮ ಹಿತ್ತಲಲ್ಲಿ ಬಾಣ ಬಿಟ್ಟರೆ ಅಡುಗೆಮನೆಯಲ್ಲಿ ನನಗೆ ಗೊತ್ತಾಗುತ್ತದೆ, ಬಿಟ್ಟದ್ದು ಬೆರಳೋ ರಿಲೀಸೋ ಎಂದು. ಬೆರಳಾದರೆ ಮೊದಲು ಹೆದೆ ಚರ್ಮಕ್ಕೆ ಉಜ್ಜುವ ಸಣ್ಣ ಸಪ್ಪಳ, ಆಮೇಲೆ ಗುಂಯ್ ಎಂಬ ನಡುಕ. ರಿಲೀಸೆಂದರೆ ಮಣಿಕಟ್ಟಿಗೆ ಕಟ್ಟಿಕೊಂಡು, ಬಂದೂಕಿನ ಹಾಗೆ ಕುದುರೆ ಒತ್ತಿ ಹೆದೆ ಬಿಡುವ ಸಲಕರಣೆ; ಅದಾದರೆ ಟಿಕ್, ಅಷ್ಟೇ.

ನಮ್ಮ ಯಜಮಾನರು ಹುಕ್ಕೇರಿಯ ಶಾಲೆಯೊಂದರಲ್ಲಿ ಆಟದ ಮಾಸ್ತರರಾಗಿದ್ದರು. ತುದಿಗಳಲ್ಲಿ ಗಾಲಿ ಇರುವ ಈ ಕಾಂಪೌಂಡ್ ಬಿಲ್ಲನ್ನು ಯಾರೋ ಬಳಸಿದ್ದನ್ನೇ ಕೊಂಡು ತಂದಿದ್ದರು. ಹಳೆಯ ಚಪ್ಪಲಿಯಿಂದ ಕತ್ತರಿಸಿದ ಚರ್ಮವನ್ನು ಬೆರಳಿಗೆ ಸಿಕ್ಕಿಸಿಕೊಂಡು, ಬಾಣದ ಮೇಲೊಂದು, ಕೆಳಗೆರಡು ಬೆರಳಿಟ್ಟು ಎಳೆಯುತ್ತಿದ್ದರು. ಕಬ್ಬಿನ ಒಣಗರಿಯ ರವದಿ ತುಂಬಿದ ಚೀಲವೇ ಗುರಿ. ನಿದ್ದೆಯಲ್ಲೂ ಆ ಮೂರು ಬೆರಳು ಕೌದಿಯ ಅಂಚಿಗೆ ಕೊಕ್ಕೆ ಹಾಕಿರುತ್ತಿದ್ದವು. ಗೋಕಾಕದ ಆಸ್ಪತ್ರೆಯಲ್ಲಿ ತೀರಿಕೊಂಡಾಗಲೂ ಚಾದರವನ್ನು ಹಾಗೇ ಹಿಡಿದಿದ್ದರು. ಒಂದೊಂದಾಗಿ ಬಿಡಿಸಿದವಳು ನಾನೇ.

ಬಿಲ್ಲು ಮಗಳ ಕೈಗೆ ಬಂತು. ಗ್ಲೌಸ್ ಹಾಕಿಕೊಂಡು ಬೆರಳಿನಿಂದಲೇ ಬಿಡುತ್ತಿದ್ದಳು. ಗೋಕಾಕದಲ್ಲಿ ಬಿಲ್ವಿದ್ಯೆ ಕಲಿಸುವ ಸರ್ ನನ್ನನ್ನು ಕರೆದು, "ನೋಡ್ರಿ ಅಕ್ಕಾರ, ಬಾಣಾ ಹೆಂಗ ಬಿದ್ದಾವು, ಮದುವ್ಯಾಗ ಅಕ್ಕಿಕಾಳ ಒಗದಂಗ. ರಿಲೀಸ್ ಇಲ್ದ ಈಕಿ ತಂಡಕ್ಕ ಆಯ್ಕೆ ಆಗೂದಿಲ್ಲ" ಎಂದರು. ರಿಲೀಸ್ ಹಿಡಿಯಲು ಹೆದೆಗೊಂದು ಕುಣಿಕೆ ಕಟ್ಟಬೇಕು. ಆದರೆ ಹೆದೆಯ ನಡುವೆ ಸುತ್ತಿದ್ದ ದಾರ ನಮ್ಮ ಯಜಮಾನರ ಬೆರಳಿದ್ದಲ್ಲಿ ಸವೆದು ಚಪ್ಪಟೆಯಾಗಿತ್ತು. ಅದರ ಮೇಲೆ ಕುಣಿಕೆ ನಿಲ್ಲದು. ಆ ದಾರ ಬಿಚ್ಚಿ ಹೊಸದು ಸುತ್ತಬೇಕು. "ನಾಳಿ ನೋಡೂಣು" ಎನ್ನುತ್ತ ದಿನ ದೂಡಿದೆ. ಒರೆಸುವ ನೆಪದಲ್ಲಿ ಆ ಜಾಗ ಮುಟ್ಟದ ದಿನವಿರಲಿಲ್ಲ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿನಿಂದ ಚರ್ಮ ಉಜ್ಜಿದ ಸಪ್ಪಳ, ಗುಂಯ್. ಮಗಳು ಬಿಡುವ ಬಗೆಯಲ್ಲ. ಅವರದೇ. ಹಿಟ್ಟಿನ ಕೈಯಲ್ಲೇ ಹೊರಗೆ ಹೋದೆ. ಮಗಳು ಅವರ ಚರ್ಮದ ತುಂಡು ಹಾಕಿಕೊಂಡು ನಿಂತಿದ್ದಳು.

"ಅದನ್ಯಾಕ ತಗದಿ?"

"ನೀ ದಾರ ಬಿಚ್ಚಾಕ ಬಿಡವಲ್ಲಿ. ಹಂಗಾರ ಅಪ್ಪನಂಗ ಬಿಡೂದರ ಕಲೀತೇನಿ ಅಂತ. ಒಂದ ಬಾಣ ನಡುವ ಬಿತ್ತವ್ವಾ. ಉಳಿದಾವೆಲ್ಲಾ ಗ್ವಾಡಿಗಿ. ಬಾಜೂ ಮನ್ಯಾವ್ರು ಎಮ್ಮಿ ಹೊರಗ ಕಟ್ಟವಲ್ರು."

ನಗು ಬರಬೇಕಿತ್ತು. ಅವಳ ಮೂರು ಬೆರಳು ಕೆಂಪಗೆ ಊದಿ, ಸೆಟೆದು, ಕೊಕ್ಕೆಯಾಗಿಯೇ ಉಳಿದಿದ್ದವು. "ಬಿಚ್ಚಾಕ ಬರವಲ್ದು" ಎಂದು ಕೈ ಚಾಚಿದಳು. ಹಿಡಿದು ಒಂದೊಂದಾಗಿ ಬಿಡಿಸಿದೆ. ಇವು ಬೆಚ್ಚಗಿದ್ದವು.

"ಕತ್ತರಿ ತಗೊಂಡ ಬಾ" ಎಂದೆ.

ದಾರ ನಾನೇ ಬಿಚ್ಚಿದೆ. ಹೊಸದನ್ನು ಸರ್ ಸುತ್ತಿ, ಕುಣಿಕೆ ಕಟ್ಟಿಕೊಟ್ಟರು. ಆಯ್ಕೆಯೂ ಆಯಿತು. ಈಗ ಬಾಣಗಳು ಒಂದರ ಮಗ್ಗುಲಿಗೊಂದು ನಾಟುತ್ತವೆ. ಸಂಜೆ ಹಿತ್ತಲಲ್ಲಿ ಟಿಕ್ ಎನ್ನುತ್ತದೆ. ನಾನು ಅದರ ಹಿಂದೆ ಬರಬೇಕಾದ ನಡುಕಕ್ಕೆ ಕಾಯುತ್ತ ನಿಲ್ಲುತ್ತೇನೆ.

"ಅವ್ವಾ, ರೊಟ್ಟಿ ಹೊತ್ತಾಕತ್ತೇತಿ!" ಎಂದು ಮಗಳು ಅಲ್ಲಿಂದಲೇ ಕೂಗುತ್ತಾಳೆ.